ಬೆಳಕು ಬರೆದ ಓಲೆ

ನಿಮ್ಮ ಮನೆಯ ಬೀರುವಿನ ಮೇಲ್ಗೂಡನ್ನೋ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯನ್ನೋ ಒಮ್ಮೆ ತೆರೆದು ನೋಡಿ. ಹಳೆಯ ಲಗ್ನಪತ್ರಿಕೆಗಳು, ಕಂದಾಯದ ರಸೀದಿಗಳು, ಮಕ್ಕಳ ಅಂಕಪಟ್ಟಿಗಳು, ಇವುಗಳ ನಡುವೆ ಅಂಗೈ ಅಗಲದ, ನಡುವೆ ತೂತುಳ್ಳ, ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಬಣ್ಣ ಚೆಲ್ಲುವ ನಾಲ್ಕಾರು ತಟ್ಟೆಗಳು ಸಿಕ್ಕಿಯೇ ಸಿಗುತ್ತವೆ. ಒಂದರ ಮೇಲೆ ‘ಗೃಹಪ್ರವೇಶ’ ಎಂದು ಬರೆದಿರಬಹುದು, ಇನ್ನೊಂದರ ಮೇಲೆ ಮಗನ ಕಾಲೇಜಿನ ಲೆಕ್ಕವೋ ಪ್ರಬಂಧವೋ ಇರಬಹುದು. ಸಿ.ಡಿ. ಎಂದು ನಾವೆಲ್ಲರೂ ಕರೆದ ತಟ್ಟೆಗಳು ಇವು. ಕಂಪ್ಯೂಟರಿನಲ್ಲಿದ್ದುದನ್ನು ಇವುಗಳ ಮೇಲೆ ಬರೆಸಿ ಎತ್ತಿಟ್ಟ ದಿನ, ‘ಇನ್ನು ಭಯವಿಲ್ಲ, ಇದು ಶಾಶ್ವತ’ ಎಂದು ನಿಟ್ಟುಸಿರು ಬಿಟ್ಟವರು ನಮ್ಮಲ್ಲಿ ಅನೇಕರುಂಟು. ನಾನೂ ಅವರಲ್ಲಿ ಒಬ್ಬ. ಆ ನಂಬಿಕೆ ನಮಗೆ ಬಂದದ್ದು ಹೇಗೆ, ಅದು ಎಷ್ಟರಮಟ್ಟಿಗೆ ನಿಜವಾಯಿತು, ಈಗ ನಾವು ಮಾಡಬೇಕಾದುದೇನು ಎಂಬುದನ್ನು ನಿಮ್ಮೊಡನೆ ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಆರಂಭಿಸೋಣ. ಕಂಪ್ಯೂಟರಿನ ನೆನಪಿನ ಭಂಡಾರಕ್ಕೆ ಹಾರ್ಡ್ ಡಿಸ್ಕ್ ಎಂದು ಹೆಸರು. 1956ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿ ಇದನ್ನು ಮೊದಲ ಬಾರಿಗೆ ಹೊರತಂದಿತು. ಎರಡಡಿ ಅಡ್ಡಳತೆಯ 50 ತಟ್ಟೆಗಳು ಒಂದರ ಮೇಲೊಂದು ಗಿರಗಿರನೆ ತಿರುಗುತ್ತಿದ್ದ ಆ ಬೃಹದ್ಯಂತ್ರದಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು. 1983ರಲ್ಲಿ ಅದೇ ಕಂಪೆನಿ ಮೇಜಿನ ಮೇಲಿಡುವ ತನ್ನ ಎಕ್ಸ್.ಟಿ. ಎಂಬ ಕಂಪ್ಯೂಟರಿನಲ್ಲಿ ಇದಕ್ಕೆ ಇಮ್ಮಡಿ, ಅಂದರೆ ಹತ್ತು ಎಂ.ಬಿ. ಹಿಡಿಯುವ ಚಿಕ್ಕ ಡಿಸ್ಕನ್ನು ಅಳವಡಿಸಿತು. ಇಲ್ಲೊಂದು ತೊಡಕು. ಹಾರ್ಡ್ ಡಿಸ್ಕಿನಲ್ಲಿ ಬರಹವನ್ನು ಓದುವ ಮೊನೆ, ತಿರುಗುವ ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಕಿರಿದಾದ ಅಂತರದಲ್ಲಿ ತೇಲುತ್ತಿರುತ್ತದೆ. ಅದು ಒಮ್ಮೆ ತಟ್ಟೆಗೆ ತಗುಲಿತೆಂದರೆ ವರ್ಷಗಟ್ಟಲೆ ಕೂಡಿಟ್ಟದ್ದು ಕ್ಷಣಮಾತ್ರದಲ್ಲಿ ಮಣ್ಣುಪಾಲು. ಆದುದರಿಂದ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟಿರಬೇಕು. ಇದಕ್ಕೇ ಕಂಪ್ಯೂಟರಿನವರು ಬ್ಯಾಕಪ್ ಎನ್ನುತ್ತಾರೆ. ಆಗ ಮನೆಯವರ ಕೈಗೆ ಎಟುಕುತ್ತಿದ್ದುದು ಫ್ಲಾಪಿ ಎಂಬ ತೆಳು ತಟ್ಟೆ. ಎಕ್ಸ್.ಟಿ. ಯಂತ್ರದ ಹತ್ತು ಎಂ.ಬಿ.ಯನ್ನು ಅದರದೇ ಫ್ಲಾಪಿಗಳಿಗೆ ಇಳಿಸಬೇಕಾದರೆ ಸುಮಾರು 28 ಫ್ಲಾಪಿಗಳು ಬೇಕು. ಇಪ್ಪತ್ತೆಂಟು ಬಾರಿ ಹಾಕಿ ತೆಗೆಯುವ ತಾಳ್ಮೆ ಎಷ್ಟು ಜನಕ್ಕಿದ್ದೀತು? ಪ್ರತಿ ಮಾಡಬೇಕೆಂಬುದು ಎಲ್ಲರಿಗೂ ತಿಳಿದಿತ್ತು, ಮಾಡುತ್ತಿದ್ದವರು ವಿರಳ.

ಈ ಕಷ್ಟಕ್ಕೆ ಪರಿಹಾರ ಬಂದದ್ದು ಲೆಕ್ಕದ ಮನೆಯಿಂದಲ್ಲ, ಸಂಗೀತದ ಮನೆಯಿಂದ. ಹಾಲೆಂಡಿನ ಐಂಡ್‌ಹೋವನ್ ಎಂಬ ಊರಿನ ಫಿಲಿಪ್ಸ್ ಕಂಪೆನಿಯ ಹೆಸರು ರೇಡಿಯೋ ಕೇಳುವ ನಿಮಗೆ ಹೊಸದೇನಲ್ಲ. ಆ ಕಂಪೆನಿಯವರು 1979ರ ಮಾರ್ಚಿಯಲ್ಲಿ, ಮುಳ್ಳಿಲ್ಲದೆ ಬರಿಯ ಬೆಳಕಿನಿಂದ ಹಾಡುವ ಚಿಕ್ಕ ತಟ್ಟೆಯನ್ನು ಪತ್ರಿಕೆಗಳವರಿಗೆ ಪ್ರದರ್ಶಿಸಿದರು. ಅದೇ ವರ್ಷ ಜಪಾನಿನ ಸೋನಿ ಕಂಪೆನಿ ಅವರೊಡನೆ ಕೈಗೂಡಿಸಿತು. 1982ರ ಆಗಸ್ಟ್ 17ರಂದು ಜರ್ಮನಿಯ ಹ್ಯಾನೋವರ್ ನಗರದ ಬಳಿಯ ಲಾಂಗೆನ್‌ಹಾಗೆನ್ ಕಾರ್ಖಾನೆಯಲ್ಲಿ ಮಾರಾಟಕ್ಕೆಂದು ಮೊದಲ ಸಿ.ಡಿ.ಗಳು ಅಚ್ಚಾದವು. ಅಕ್ಟೋಬರ್ 1ರಂದು ಅದನ್ನು ನುಡಿಸುವ ಸೋನಿ ಯಂತ್ರ ಜಪಾನಿನ ಅಂಗಡಿಗಳಿಗೆ ಬಂದಿತು. ತಟ್ಟೆಯ ಅಡ್ಡಳತೆ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್, ಹಿಡಿಸುವ ಸಂಗೀತ 74 ನಿಮಿಷ.

ನಿಮ್ಮಲ್ಲಿ ಹಿರಿಯರು ಗ್ರಾಮಫೋನ್ ಪ್ಲೇಟನ್ನು ಕಂಡಿದ್ದೀರಿ. ಅದರಲ್ಲಿ ಮುಳ್ಳು ಹೊರ ಅಂಚಿನಿಂದ ಒಳಕ್ಕೆ ಸಾಗುತ್ತ ಗೀರನ್ನು ತೀಡುತ್ತದೆ. ನೂರು ಬಾರಿ ಹಾಕಿದರೆ ಗೀರೂ ಸವೆಯುತ್ತದೆ, ಹಾಡೂ ಸವೆಯುತ್ತದೆ. ಸಿ.ಡಿ.ಯಲ್ಲಿ ಸುರುಳಿಯ ಹಾದಿ ಒಳಗಿನಿಂದ ಹೊರಕ್ಕೆ. ಒಂದು ಸುತ್ತಿಗೂ ಮತ್ತೊಂದು ಸುತ್ತಿಗೂ ನಡುವೆ 1.6 ಮೈಕ್ರಾನ್ ಅಂತರ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಆ ಸುರುಳಿಯನ್ನು ಬಿಚ್ಚಿ ನೇರ ಮಾಡಿದರೆ ಐದು ಕಿಲೋಮೀಟರಿಗೂ ಉದ್ದವಾಗುತ್ತದೆ. ಹಾದಿಯುದ್ದಕ್ಕೂ ಸೂಕ್ಷ್ಮವಾದ ಕುಳಿಗಳು, ಕುಳಿಗಳ ನಡುವೆ ಬಯಲು. ಲೇಸರ್ ಕಿರಣ ತಟ್ಟೆಯ ಕೆಳಗಿನಿಂದ ಬಂದು, ಕುಳಿಯಿಂದ ಬಯಲಿಗೂ ಬಯಲಿನಿಂದ ಕುಳಿಗೂ ದಾಟುವಾಗ ಮರಳಿ ಬರುವ ಬೆಳಕು ಏರಿಳಿಯುತ್ತದೆ. ಆ ಏರಿಳಿತವನ್ನು ಯಂತ್ರ ಒಂದು, ಸೊನ್ನೆ ಎಂಬ ಅಂಕಿಗಳಾಗಿ ಓದಿಕೊಳ್ಳುತ್ತದೆ. ಬೆಳಕು ತಾಕಿದರೆ ತಟ್ಟೆ ಸವೆಯುವುದುಂಟೆ? ‘ಇದಕ್ಕೆ ಅಳಿವಿಲ್ಲ’ ಎಂಬ ಮಾತು ಜನರ ಬಾಯಲ್ಲಿ ಹುಟ್ಟಿದ್ದು ಇಲ್ಲಿಂದಲೇ.

ಈ ನಂಬಿಕೆಯನ್ನು ಬಲಪಡಿಸಿದ ಇನ್ನೊಂದು ಚಮತ್ಕಾರವುಂಟು. ಹಳೆಯ ಓಲೆಯಲ್ಲಿ ಒಂದು ಕಂದಪದ್ಯದ ಅಕ್ಷರವನ್ನು ಹುಳು ತಿಂದಿದೆಯೆನ್ನಿ. ಛಂದಸ್ಸು ಬಲ್ಲವನು ಮಾತ್ರೆಗಳನ್ನು ಎಣಿಸಿ, ಎರಡನೆಯ ಅಕ್ಷರದ ಪ್ರಾಸವನ್ನು ಹೋಲಿಸಿ, ಅಲ್ಲಿ ಇದ್ದ ಅಕ್ಷರ ಇಂಥದೇ ಎಂದು ಹಲವು ವೇಳೆ ಊಹಿಸಬಲ್ಲ. ಕವಿ ಪ್ರಾಸವನ್ನಿಟ್ಟದ್ದು ಕಿವಿಯ ಸುಖಕ್ಕಾದರೂ ಅದು ಪಾಠರಕ್ಷಣೆಗೂ ಒದಗಿತು. ಇದೇ ಬಗೆಯ ಕಾವಲನ್ನು 1960ರಲ್ಲಿ ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ಅಂಕಿಗಳಿಗಾಗಿ ರೂಪಿಸಿದರು. ಮೂಲದ ಅಂಕಿಗಳೊಡನೆ ಲೆಕ್ಕಹಾಕಿ ತೆಗೆದ ಕೆಲವು ಹೆಚ್ಚುವರಿ ಅಂಕಿಗಳನ್ನು ಸೇರಿಸಿಟ್ಟರೆ, ನಡುವೆ ಕೆಲವು ಅಳಿಸಿಹೋದರೂ ಉಳಿದವುಗಳಿಂದ ಅವನ್ನು ಮರಳಿ ಪಡೆಯಬಹುದು. ಸಿ.ಡಿ.ಯಲ್ಲಿ ಈ ಕ್ರಮ ಅಡಕವಾಗಿದೆ. ಹಾದಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಬರಹವೇ ಮರೆಯಾದರೂ ಯಂತ್ರ ಅದನ್ನು ತುಂಬಿಕೊಂಡು ಹಾಡುತ್ತದೆ.

ಆದರೆ ಈ ಗುಣದಲ್ಲೇ ಒಂದು ದೋಷವೂ ಅಡಗಿದೆ. ತಟ್ಟೆ ಒಳಗೊಳಗೇ ಹಾಳಾಗುತ್ತಿದ್ದರೂ ಈ ಗಣಿತ ಅದನ್ನು ನಮ್ಮ ಕಣ್ಣಿಗೆ ಕಾಣಗೊಡುವುದಿಲ್ಲ. ತಪ್ಪುಗಳು ಅದರ ಶಕ್ತಿಯನ್ನು ಮೀರುವ ತನಕ ಎಲ್ಲವೂ ಸರಿಯಾಗಿಯೇ ಇದ್ದಂತೆ ತೋರುತ್ತದೆ. ಮೀರಿದ ದಿನ ಒಮ್ಮೆಗೇ ಕೈಕೊಡುತ್ತದೆ. ಗೆದ್ದಲು ಹಿಡಿದ ಬಾಗಿಲು ಬಣ್ಣದ ಬಲದಿಂದ ನಿಂತಿರುವಂತೆ.

ಸಂಗೀತವನ್ನು ಅಂಕಿಗಳಲ್ಲಿ ಬರೆಯಬಹುದಾದರೆ ಕಂಪ್ಯೂಟರಿನ ಬರಹವನ್ನೂ ಅದೇ ತಟ್ಟೆಯಲ್ಲಿ ಇಡಬಹುದಲ್ಲವೆ? 1980ರ ದಶಕದ ನಡುವಿನಲ್ಲಿ ಸಿ.ಡಿ.ರಾಮ್ ಎಂಬುದು ಹೀಗೆ ಬಂದಿತು. ಹಾಡಿನಲ್ಲಿ ಒಂದು ಕಣ ತಪ್ಪಿದರೆ ಅಕ್ಕಪಕ್ಕದ ಸ್ವರ ನೋಡಿ ತೇಪೆ ಹಾಕಬಹುದು; ಬ್ಯಾಂಕಿನ ಲೆಕ್ಕದಲ್ಲಿ ಅಂಕಿ ತಪ್ಪಿದರೆ ಹಾಗೆ ಮಾಡಲಾಗದು. ಆದುದರಿಂದ ಇಲ್ಲಿ ಕಾವಲನ್ನು ಇನ್ನಷ್ಟು ಬಿಗಿಮಾಡಿದರು. 2352 ಅಕ್ಷರಗಳ ಒಂದೊಂದು ಕಟ್ಟಿನಲ್ಲಿ ನಮ್ಮ ಬರಹಕ್ಕೆ 2048 ಮಾತ್ರ. ಉಳಿದುದು ಬಹುಮಟ್ಟಿಗೆ ಕಾವಲಿನವರ ಪಾಲು. 1988ರಲ್ಲಿ, ಯಾವ ಕಂಪೆನಿಯ ಯಂತ್ರವಾದರೂ ಓದಬಲ್ಲಂತೆ ಬರಹವನ್ನು ಜೋಡಿಸುವ ಅಂತರರಾಷ್ಟ್ರೀಯ ಕ್ರಮವೂ ನಿಶ್ಚಯವಾಯಿತು. ಒಂದು ತಟ್ಟೆಗೆ 650 ಎಂ.ಬಿ.! ಆಗಿನ ಉತ್ತಮ ಫ್ಲಾಪಿಯ ಲೆಕ್ಕದಲ್ಲಿ ಇದು ಸುಮಾರು 450 ಫ್ಲಾಪಿಗಳಿಗೆ ಸಮ. ಕೊರತೆ ಒಂದೇ: ಇದು ಕಾರ್ಖಾನೆಯಲ್ಲಿ ಅಚ್ಚಾಗಬೇಕಾದ ತಟ್ಟೆ. ನೀವು ಓದಬಹುದು, ಬರೆಯುವಂತಿಲ್ಲ.

ಬರೆಯುವ ತಟ್ಟೆಯನ್ನು 1988ರಲ್ಲಿ ಜಪಾನಿನ ತಾಯಿಯೊ ಯೂಡೆನ್ ಎಂಬ ಕಂಪೆನಿ ಸಿದ್ಧಪಡಿಸಿತು. ಇದರಲ್ಲಿ ಕುಳಿಗಳಿಲ್ಲ. ಮೊದಲೇ ಅಚ್ಚೊತ್ತಿದ ಸುರುಳಿಗೀರಿನ ಮೇಲೆ ಒಂದು ಬಣ್ಣದ ಲೇಪ. ಅದರ ಮೇಲೆ ಬೆಳಕನ್ನು ಮರಳಿಸುವ ಚಿನ್ನದ ತೆಳು ಪದರ. ಬರೆಯುವ ಲೇಸರ್ ಬಣ್ಣವನ್ನು ಅಲ್ಲಲ್ಲಿ ಕಾಯಿಸುತ್ತದೆ. ಕಾದ ಜಾಗ ಬೆಳಕನ್ನು ಕಡಿಮೆ ಮರಳಿಸುತ್ತದೆ. ಓದುವ ಯಂತ್ರ ಅದನ್ನೇ ಕುಳಿಯೆಂದು ತಿಳಿಯುತ್ತದೆ. ನಮ್ಮ ಲಿಪಿಕಾರರು ಕಂಟದಿಂದ ಓಲೆಯನ್ನು ಕೊರೆದು ಮಸಿ ತೀಡಿದರೆ, ಇಲ್ಲಿ ಬೆಳಕೇ ಕಂಟ, ಬಣ್ಣವೇ ಓಲೆ. ಮೊದಮೊದಲು ಈ ಬರೆಯುವ ಯಂತ್ರಗಳಿಗೆ ಹತ್ತಾರು ಸಾವಿರ ಡಾಲರುಗಳ ಬೆಲೆಯಿತ್ತು. 1995ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಯ ಯಂತ್ರ ಸಾವಿರ ಡಾಲರಿಗಿಂತ ಕೆಳಗೆ ಇಳಿಯಿತು. ಆಗಲೂ ಬರೆಯುವುದೆಂದರೆ ಒಂದು ವ್ರತವೇ ಸರಿ. ಕಂಪ್ಯೂಟರಿನಿಂದ ಅಂಕಿಗಳು ತೈಲಧಾರೆಯಂತೆ ಎಡೆಬಿಡದೆ ಹರಿದುಬರಬೇಕು; ನಡುವೆ ಧಾರೆ ಕಡಿದರೆ ತಟ್ಟೆ ವ್ಯರ್ಥ. 2000ದಲ್ಲಿ ಜಪಾನಿನ ಸಾನ್ಯೊ ಕಂಪೆನಿಯವರು, ಧಾರೆ ನಿಂತರೆ ತಾನೂ ನಿಂತು ನಿಂತಲ್ಲಿಂದಲೇ ಮುಂದುವರಿಯುವ ಉಪಾಯವನ್ನು ಯಂತ್ರಕ್ಕೆ ಕಲಿಸಿದರು. ಆ ಮೇಲೆ ಮನೆಮನೆಗೂ ಇದು ಸುಲಭವಾಯಿತು.

ತಟ್ಟೆಯೂ ಬೆಳೆಯಿತು, ಉದ್ದಗಲದಲ್ಲಿ ಅಲ್ಲ, ಬರಹದ ಸೂಕ್ಷ್ಮತೆಯಲ್ಲಿ. ಸಿ.ಡಿ.ಯನ್ನು ಓದುವ ಬೆಳಕಿನ ಅಲೆಯ ಉದ್ದ 780 ನ್ಯಾನೊಮೀಟರ್. ಅಲೆ ಕಿರಿದಾದಷ್ಟೂ ಅಕ್ಷರ ಕಿರಿದಾಗಬಹುದು. 650ರ ಕೆಂಪು ಬೆಳಕಿನಿಂದ 1996ರಲ್ಲಿ ಡಿ.ವಿ.ಡಿ. ಬಂದಿತು, ಅದರ ಒಂದು ಪದರ ಹಿಡಿಯುವುದು 4.7 ಜಿ.ಬಿ., ಅಂದರೆ ಏಳು ಸಿ.ಡಿ.ಗಳ ಸರಕು. 405ರ ನೀಲಿನೇರಳೆ ಬೆಳಕಿನಿಂದ 2003ರಲ್ಲಿ ಬ್ಲೂ ರೇ ಬಂದಿತು. ಅದರದು 25 ಜಿ.ಬಿ. ನಮ್ಮ ದೇಶದಲ್ಲಿಯೂ ದೆಹಲಿಯ ಬಳಿ ಮೋಸರ್ ಬೇರ್ ಎಂಬ ಕಂಪೆನಿ ಈ ತಟ್ಟೆಗಳನ್ನು ಅಪಾರವಾಗಿ ತಯಾರಿಸಿ, ಪ್ರಪಂಚದ ದೊಡ್ಡ ತಯಾರಕರಲ್ಲಿ ಒಂದಾಗಿತ್ತು. ನಮ್ಮೂರುಗಳ ಕಂಪ್ಯೂಟರ್ ಸೆಂಟರುಗಳಲ್ಲೂ ಫೋಟೋ ಸ್ಟುಡಿಯೋಗಳಲ್ಲೂ ‘ಸಿ.ಡಿ. ರೈಟ್ ಮಾಡಿಕೊಡಲಾಗುವುದು’ ಎಂಬ ಬೋರ್ಡುಗಳು ಕಾಣಿಸಿಕೊಂಡದ್ದು ಈ ಕಾಲದಲ್ಲೇ.

ಇಲ್ಲಿ ನನ್ನ ಮನೆಯ ಒಂದು ಸಂಗತಿಯನ್ನು ಹೇಳಿದರೆ ನೀವು ಬೇಸರಪಡಲಾರಿರಿ ಎಂದು ನಂಬುತ್ತೇನೆ. ನಮ್ಮ ತಾಯಿಯವರಿಗೆ ಬೀಸುವ ಹಾಡು, ತೊಟ್ಟಿಲ ಹಾಡು, ಆರತಿಯ ಹಾಡುಗಳು ನೂರಾರು ಬರುತ್ತಿದ್ದವು. 1994ರ ಬೇಸಗೆ ರಜೆಯಲ್ಲಿ ಅವರನ್ನು ಕೂರಿಸಿಕೊಂಡು ಕೆಲವನ್ನು ಕ್ಯಾಸೆಟ್ಟಿಗೆ ಹಿಡಿದಿದ್ದೆ. ಅವರು ತೀರಿಕೊಂಡ ಮೇಲೆ, 2004ರಲ್ಲಿ, ಆ ಕ್ಯಾಸೆಟ್ಟುಗಳನ್ನು ಮೂರು ಸಿ.ಡಿ.ಗಳಿಗೆ ಇಳಿಸಿಸಿದೆ. ‘ಇನ್ನೇಕೆ ಈ ರಗಳೆ’ ಎಂದು ಕ್ಯಾಸೆಟ್ಟುಗಳನ್ನು ಗುಜರಿಯವನಿಗೆ ಹಾಕಿದೆ. ತಟ್ಟೆಗಳ ಮೇಲೆ ಬಾಲ್‌ಪೆನ್ನಿನಿಂದ ಒತ್ತಿ ಹೆಸರು ಬರೆದೆ. ಅಂಟಿನ ಚೀಟಿ ಹಚ್ಚಿದೆ. ಬಿಸಿಲು ಬೀಳುವ ಕಿಟಕಿಯ ಪಕ್ಕದ ಗೂಡಿನಲ್ಲಿಟ್ಟೆ. ಹದಿನೈದು ವರ್ಷ ಕಳೆದು 2019ರಲ್ಲಿ ತೆಗೆದು ಹಾಕಿದರೆ, ಒಂದು ಹಾಡಿತು. ಇನ್ನೊಂದು ಅರ್ಧಕ್ಕೆ ನಿಂತಿತು. ಮೂರನೆಯದನ್ನು ಯಂತ್ರ ತಟ್ಟೆಯೆಂದೇ ಒಪ್ಪಲಿಲ್ಲ. ಅದೃಷ್ಟವಶಾತ್ ಮೂರನೆಯದರ ಒಂದು ಪ್ರತಿಯನ್ನು ತಂಗಿಗೆ ಕೊಟ್ಟಿದ್ದೆ. ಆಕೆಯ ಮಗಳು ಅದನ್ನು ಯಾವಾಗಲೋ ತನ್ನ ಫೋನಿಗೆ ಹಾಕಿಕೊಂಡಿದ್ದಳು. ಆ ಹಾಡುಗಳು ಹಾಗೆ ಬದುಕಿದವು. ಅರ್ಧಕ್ಕೆ ನಿಂತ ತಟ್ಟೆಗೆ ಎರಡನೆಯ ಪ್ರತಿ ಇರಲಿಲ್ಲ. ಅದರಲ್ಲಿದ್ದ ನಾಲ್ಕು ಬೀಸುವ ಹಾಡುಗಳು ಹೋದವು. ಅವನ್ನು ಬಲ್ಲವರು ನಮ್ಮ ವಂಶದಲ್ಲಿ ಇನ್ನು ಯಾರೂ ಇಲ್ಲ. ಪಾಠ ಹೇಳುವ ಮೇಷ್ಟ್ರು ನಾನು. ಈ ಪಾಠವನ್ನು ಕಲಿತದ್ದು ತಡವಾಗಿ.

ನಾನು ಮಾಡಿದ ತಪ್ಪುಗಳಾವುವು? ಅಮೆರಿಕದ ರಾಷ್ಟ್ರೀಯ ಪ್ರಮಾಣ ಮತ್ತು ತಂತ್ರಜ್ಞಾನ ಸಂಸ್ಥೆಯವರು 2003ರಲ್ಲೇ ಇವನ್ನೆಲ್ಲ ತಿಳಿಸಿ ಒಂದು ಕೈಪಿಡಿ ಹೊರಡಿಸಿದ್ದರು. ಸಿ.ಡಿ.ಯ ಬರಹ ಇರುವುದು ಕೆಳಗಿನ ಹೊಳೆಯುವ ಮೈಯ ಬಳಿಯಲ್ಲಲ್ಲ. ಹೆಸರು ಬರೆಯುವ ಮೇಲ್ಮೈಯ ಅರಗಿನ ಪದರದ ಅಡಿಯಲ್ಲೇ. ಕೆಳಗೆ ಗೀರು ಬಿದ್ದರೆ ಉಜ್ಜಿ ಸರಿಮಾಡಬಹುದು; ಮೇಲೆ ಪೆನ್ನಿನ ಮೊನೆ ಒತ್ತಿದರೆ ಬರಹಕ್ಕೇ ಪೆಟ್ಟು. ಅಂಟಿನ ಚೀಟಿ ಪದರವನ್ನು ಎಳೆಯುತ್ತದೆ. ಬಿಸಿಲು ಬಣ್ಣದ ಲೇಪವನ್ನು ಮಾಸಿಸುತ್ತದೆ. ಬಣ್ಣವೇ ಬರಹವಾದ ತಟ್ಟೆಯಲ್ಲಿ ಬಣ್ಣ ಮಾಸಿದರೆ ಉಳಿಯುವುದೇನು? ಬಿಸಿ, ತೇವ ಎರಡೂ ವೈರಿಗಳು. ತಟ್ಟೆಯನ್ನು ಅಂಚಿನಲ್ಲಿ ಹಿಡಿದು, ಗಟ್ಟಿ ಡಬ್ಬಿಯಲ್ಲಿ, ತಂಪಾದ ಕತ್ತಲೆಯಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು.

ಇಷ್ಟೆಲ್ಲ ಮಾಡಿ ತಟ್ಟೆಯನ್ನು ಉಳಿಸಿಕೊಂಡೆವೆನ್ನಿ. ಓದುವ ಯಂತ್ರವೇ ಇಲ್ಲದಿದ್ದರೆ? ಇದಕ್ಕೆ ಇಂಗ್ಲೆಂಡಿನದೊಂದು ಪ್ರಸಿದ್ಧ ನಿದರ್ಶನವಿದೆ. 1086ರಲ್ಲಿ ವಿಲಿಯಂ ದೊರೆ ತನ್ನ ರಾಜ್ಯದ ಊರು, ಹೊಲ, ದನಕರುಗಳ ಲೆಕ್ಕವನ್ನು ಬರೆಯಿಸಿದ. ಡೂಮ್ಸ್‌ಡೇ ಪುಸ್ತಕವೆಂದು ಅದರ ಹೆಸರು. ಒಂಬೈನೂರು ವರ್ಷ ತುಂಬಿದ 1986ರಲ್ಲಿ ಅಲ್ಲಿನ ಆಕಾಶವಾಣಿ ಸಂಸ್ಥೆಯಾದ ಬಿ.ಬಿ.ಸಿ., ದೇಶದ ಶಾಲಾ ಮಕ್ಕಳೂ ಸೇರಿದಂತೆ ಸುಮಾರು ಹತ್ತು ಲಕ್ಷ ಜನರಿಂದ ತಮ್ಮ ಊರಿನ ವರ್ಣನೆ, ಚಿತ್ರ, ದಿನಚರಿಗಳನ್ನು ಬರೆಯಿಸಿ, ಲೇಸರಿನಿಂದ ಓದುವ ಎರಡು ದೊಡ್ಡ ತಟ್ಟೆಗಳಲ್ಲಿ ತುಂಬಿತು. ಅದನ್ನು ಓದುವ ಯಂತ್ರಕ್ಕೆ ಐದು ಸಾವಿರ ಪೌಂಡಿನಷ್ಟು ಬೆಲೆ. ಬರೆದುಕೊಟ್ಟ ಶಾಲೆಗಳಿಗೇ ಕೊಳ್ಳುವ ಶಕ್ತಿ ಇರಲಿಲ್ಲ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಯಂತ್ರಗಳು ಅಪರೂಪವಾದವು. ಕುರಿಯ ಚರ್ಮದ ಮೇಲೆ ಬರೆದ 1086ರ ಪುಸ್ತಕವನ್ನು ಬಲ್ಲವರು ಆಗಲೂ ಬಿಡಿಸಿ ಓದುತ್ತಿದ್ದರು. 1986ರ ತಟ್ಟೆಯನ್ನು ಓದುವುದು ದುಸ್ಸಾಧ್ಯವಾಯಿತು. 2002ರ ಸುಮಾರಿಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು, ಹಳೆಯ ಯಂತ್ರದಂತೆ ಹೊಸ ಕಂಪ್ಯೂಟರು ನಟಿಸುವಂತೆ ಮಾಡಿ ಅದನ್ನು ಉಳಿಸಿದರು. ತಟ್ಟೆ ಕೆಟ್ಟಿರಲಿಲ್ಲ; ಅದನ್ನು ಓದುವ ಲೋಕ ಮುಂದೆ ಹೋಗಿಬಿಟ್ಟಿತ್ತು.

ಕನ್ನಡಿಗರಾದ ನಮಗೆ ಮೂರನೆಯದೊಂದು ಗಂಡಾಂತರವೂ ಉಂಟು. ಕಂಪ್ಯೂಟರಿನಲ್ಲಿ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ನಿಗದಿಮಾಡುವ ಯೂನಿಕೋಡ್ ಎಂಬ ಜಾಗತಿಕ ಕ್ರಮದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ಆದರೆ ಅದು ನಮ್ಮ ಊರುಗಳಲ್ಲಿ ಬಳಕೆಗೆ ಬರುವವರೆಗೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ ಹಲವು ಬಗೆಯ ಫಾಂಟುಗಳಲ್ಲಿ ನಾವು ಬೆರಳಚ್ಚು ಮಾಡಿದೆವು. ಅಂಥ ಲೇಖನವೊಂದು ಹಳೆಯ ಸಿ.ಡಿ.ಯಲ್ಲಿ ಸುರಕ್ಷಿತವಾಗಿಯೇ ಇದ್ದರೂ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಗೊಂಚಲು ಕಾಣುತ್ತದೆ. ಓಲೆ ಉಂಟು, ಮಸಿ ಉಂಟು, ಲಿಪಿ ಮರೆತುಹೋಗಿದೆ. ಸಂತೋಷದ ಸಂಗತಿಯೆಂದರೆ, ನುಡಿ, ಬರಹ ಮೊದಲಾದವುಗಳ ಹಳೆಯ ಬರವಣಿಗೆಯನ್ನು ಯೂನಿಕೋಡಿಗೆ ಬದಲಿಸುವ ಸಾಧನಗಳು ದೊರೆಯುತ್ತವೆ. ಅವು ದೊರೆಯುತ್ತಿರುವಾಗಲೇ ಕೆಲಸ ಮುಗಿಸಿಕೊಳ್ಳುವುದು ಜಾಣತನ.

ಹಾಗಾದರೆ ಅಳಿಯದ ತಟ್ಟೆಯನ್ನೇ ಮಾಡಬಾರದೆ? ಮಾಡಿದರು. ಅಮೆರಿಕದ ಯೂಟಾ ಪ್ರಾಂತದ ಮಿಲೆನಿಯಾಟಾ ಎಂಬ ಕಂಪೆನಿ, ಬಣ್ಣದ ಬದಲಿಗೆ ಕಲ್ಲಿನಂಥ ಪದರದ ಮೇಲೆ ಬರೆಯುವ ಎಂ ಡಿಸ್ಕ್ ಎಂಬುದನ್ನು ಹೊರತಂದು, ಇದು ಸಾವಿರ ವರ್ಷ ಬಾಳುವುದೆಂದು ಸಾರಿತು. ತಟ್ಟೆಯ ಮಾತು ಹಾಗಿರಲಿ, ಕಂಪೆನಿಯೇ 2016ರಲ್ಲಿ ದಿವಾಳಿಯೆದ್ದಿತು. ಬರೆಯುವ ಸಿ.ಡಿ.ಯನ್ನು ಲೋಕಕ್ಕೆ ಕೊಟ್ಟ ತಾಯಿಯೊ ಯೂಡೆನ್ 2015ರ ಕೊನೆಗೆ ಆ ವ್ಯವಹಾರವನ್ನೇ ಬಿಟ್ಟಿತು. ನಮ್ಮ ಮೋಸರ್ ಬೇರ್ ಕಂಪೆನಿಯ ಸಮಾಪನೆಗೆ 2018ರಲ್ಲಿ ಆದೇಶವಾಯಿತು. 2025ರ ಫೆಬ್ರವರಿಯಲ್ಲಿ ಸೋನಿ ಕಂಪೆನಿ ಬರೆಯುವ ಬ್ಲೂ ರೇ ತಟ್ಟೆಗಳ ತಯಾರಿಕೆಯನ್ನು ನಿಲ್ಲಿಸಿತು. ಹೊಸ ಕಂಪ್ಯೂಟರುಗಳಲ್ಲಿ ತಟ್ಟೆ ಹಾಕುವ ಬಾಯಿಯೇ ಬಹುಮಟ್ಟಿಗೆ ಇಲ್ಲ. ತಟ್ಟೆ ಎಷ್ಟು ಗಟ್ಟಿಯಾದರೇನು, ಅದನ್ನು ಮಾಡುವವರೂ ಓದುವ ಯಂತ್ರವೂ ಜೊತೆಯಲ್ಲಿ ಉಳಿಯಬೇಕಷ್ಟೆ.

ನಮ್ಮ ಪೂರ್ವಿಕರಿಗೆ ಈ ಮರ್ಮ ತಿಳಿದಿತ್ತು. ಪಂಪನು ತನ್ನ ಭಾರತವನ್ನು ರಚಿಸಿದ್ದು ಸುಮಾರು 941ರಲ್ಲಿ. ಅವನ ಕೈಯ ಓಲೆಗಳು ಇಂದು ಎಲ್ಲಿಯೂ ಇಲ್ಲ, ಪಂಪಭಾರತ ಇದೆ. ಹೆಸರು ಸಹ ಉಳಿಯದ ಎಷ್ಟೋ ಮಂದಿ ಲಿಪಿಕಾರರು, ಹಳೆಯ ಓಲೆ ಜೀರ್ಣವಾಗುವ ಮುನ್ನ ಹೊಸ ಓಲೆಗೆ ಎತ್ತಿ ಬರೆದರು. ಹಾಗೆ ಕೈಯಿಂದ ಕೈಗೆ ಬಂದದ್ದು 1898ರಲ್ಲಿ ಅಚ್ಚಾಯಿತು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಮಾತು. ಆಕೆ ಒಂದೇ ಒಂದು ಓಲೆಯ ಕಟ್ಟನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದಾಗಿತ್ತು, ಹಾಗೆ ಮಾಡಲಿಲ್ಲ. ನಾವು ಮಾಡಿದ್ದು ಅದನ್ನೇ. ಹೊಳೆಯುವ ತಟ್ಟೆಯನ್ನು ಕಂಡು, ಪ್ರತಿಮಾಡುವ ಕೆಲಸ ಒಮ್ಮೆಗೇ ಮುಗಿಯಿತೆಂದು ಲಿಪಿಕಾರನನ್ನು ಮನೆಗೆ ಕಳಿಸಿಬಿಟ್ಟೆವು.

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಚಿತ್ರಗಾರರು ಹೇಳಿ ಬಳಕೆಗೆ ಬಂದ ಸೂತ್ರವೊಂದಿದೆ. ನೆನಪಿಡುವುದು ಸುಲಭ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಆದುದರಿಂದ ಈ ತಿಂಗಳೇ ನಿಮ್ಮ ಪೆಟ್ಟಿಗೆಯ ತಟ್ಟೆಗಳನ್ನು ಹೊರಕ್ಕೆ ತೆಗೆಯಿರಿ. ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ಡ್ರೈವು ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಪರಿಚಯದವರಿಂದ ಎರವಲು ತಂದರೂ ಆಯಿತು. ಒಂದೊಂದನ್ನೂ ಹಾಕಿ, ಓದಿದುದನ್ನೆಲ್ಲ ಹೊಸ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಒಮ್ಮೆಗೆ ಓದದಿದ್ದರೆ ಎಸೆಯಬೇಡಿ; ಒಂದು ಯಂತ್ರ ಓದದ್ದನ್ನು ಮತ್ತೊಂದು ಓದುವುದುಂಟು. ಇನ್ನೊಂದು ಪ್ರತಿ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಯುಗಾದಿಗೆ ಹೊಸ ಪಂಚಾಂಗ ತರುವಾಗ, ವರ್ಷಕ್ಕೊಮ್ಮೆ, ಎಲ್ಲವೂ ಓದುತ್ತವೆಯೇ ಎಂದು ಪರೀಕ್ಷಿಸುವ ಪದ್ಧತಿಯನ್ನು ಇಟ್ಟುಕೊಳ್ಳಿ.

ನಮ್ಮ ತಾಯಿಯವರ ಉಳಿದ ಹಾಡುಗಳು ಈಗ ಮೂರು ಮನೆಗಳಲ್ಲಿವೆ. ತಂಗಿಯ ಮಗಳು ಅವುಗಳಲ್ಲಿ ಎರಡನ್ನು ಬಾಯಿಪಾಠವನ್ನೂ ಮಾಡಿಕೊಂಡಿದ್ದಾಳೆ. ಯಾವ ಯಂತ್ರವೂ ಬೇಡದ ಪ್ರತಿ ಅದೊಂದೇ.